ಒಂದು ಕ್ಲಿಕ್ಕಿಗೆ ಐವತ್ತು ರೂಪಾಯಿ

ಫಿಲ್ಮ್ ರೋಲು, ಅದನ್ನು ತೊಳೆಸುವ ಖರ್ಚು, ಸ್ಕ್ಯಾನು ಎಲ್ಲ ಸೇರಿ 1,800 ರೂಪಾಯಿ ಎಂದು ಹಿಡಿಯೋಣ. ಊರು ಬದಲಾದರೆ, ಫಿಲ್ಮ್ ಬದಲಾದರೆ ಇದು ಹೆಚ್ಚುಕಡಿಮೆ ಆಗುತ್ತದೆ, ಲೆಕ್ಕಕ್ಕೆ ಮಾತ್ರ ಈ ಮೊತ್ತ ಅನುಕೂಲ. ರೋಲಿಗೆ 36 ಫ್ರೇಮಾದರೆ ಒಂದು ಕ್ಲಿಕ್ಕಿಗೆ 50 ರೂಪಾಯಿ ಬಿತ್ತು. ಆಟೋಫೋಕಸ್ ಫಿಲ್ಮ್ ಎಸ್‌ಎಲ್‌ಆರ್ ಕೊಳ್ಳಲು ಹೊರಟವರು ಅದರ ಒಂದೊಂದು ಸೌಲಭ್ಯವನ್ನೂ ಈ 50 ರೂಪಾಯಿಯಿಂದಲೇ ಅಳೆಯಬೇಕು.

1999ರ ನಿಕಾನ್ ಎಫ್100 ತೆಗೆದುಕೊಳ್ಳಿ. ಬ್ಯಾಟರಿ ಬಿಟ್ಟು 785 ಗ್ರಾಂ ತೂಕ. ನಾಲ್ಕು ಪೆನ್ಸಿಲ್ ಸೆಲ್ ಹಾಕಿದರೆ ಸೆಕೆಂಡಿಗೆ 4.5 ಫ್ರೇಮ್ ಓಡುತ್ತದೆ, ಅಂದರೆ 8 ಸೆಕೆಂಡಿನಲ್ಲಿ ರೋಲು ಖಾಲಿ. ಸೆಕೆಂಡಿಗೆ 225 ರೂಪಾಯಿ! 1996ರ ಎಫ್5 ಸೆಕೆಂಡಿಗೆ 8 ಫ್ರೇಮ್ ಎಳೆದರೆ 400 ರೂಪಾಯಿ. 2000ದ ಕ್ಯಾನನ್ ಇಒಎಸ್-1ವಿ ಬೂಸ್ಟರ್ ಜೋಡಿಸಿಕೊಂಡು 10 ಫ್ರೇಮ್ ಎಳೆದರೆ 500 ರೂಪಾಯಿ, 3.6 ಸೆಕೆಂಡಿಗೆ ಆಟ ಮುಗಿಯಿತು. ಕೊಳ್ಳುವವರ ಕಣ್ಣಿಗೆ ಮೊದಲು ಬೀಳುವುದು ಈ ವೇಗ, ಜೇಬಿಗೆ ಕತ್ತರಿ ಹಾಕುವುದೂ ಇದೇ. ದುಡ್ಡು ಉಳಿಸುವ ಗುಣಗಳು ಬೇರೆ ಕಡೆ ಇವೆ.

ಮೊದಲನೆಯದು ಫೋಕಸ್. ಮುಖ್ಯ ಕನ್ನಡಿಯ ನಡುಭಾಗ ಸ್ವಲ್ಪ ಬೆಳಕನ್ನು ಒಳಗೆ ಬಿಡುತ್ತದೆ. ಹಿಂದಿನ ಪುಟ್ಟ ಕನ್ನಡಿ ಅದನ್ನು ಕ್ಯಾಮೆರಾದ ತಳದಲ್ಲಿರುವ ಸೆನ್ಸರಿಗೆ ಇಳಿಸುತ್ತದೆ. ಲೆನ್ಸಿನ ಎರಡು ಬದಿಯಿಂದ ಬಂದ ಬೆಳಕನ್ನು ಅಲ್ಲಿ ಹೋಲಿಸಿ, ಲೆನ್ಸ್ ಯಾವ ಕಡೆಗೆ ಎಷ್ಟು ತಿರುಗಬೇಕು ಎಂಬುದನ್ನು ಯಂತ್ರ ಒಂದೇ ಸಲಕ್ಕೆ ಕಂಡುಕೊಳ್ಳುತ್ತದೆ. ಎಫ್100ರಲ್ಲಿ ಇಂಥ 5 ಬಿಂದುಗಳಿವೆ. ಅಡ್ಡಸಾಲಿನ ಮೂರು ಉದ್ದಗೆರೆ, ಅಡ್ಡಗೆರೆ ಎರಡನ್ನೂ ಹಿಡಿಯುತ್ತವೆ, ಮೇಲಿನದು ಮತ್ತು ಕೆಳಗಿನದು ಹಿಡಿಯುವುದು ಒಂದೇ ದಿಕ್ಕಿನ ಗೆರೆಯನ್ನು. ಸುಣ್ಣ ಬಳಿದ ಬೋಳು ಗೋಡೆಗೆ ಗುರಿಯಿಟ್ಟರೆ ಲೆನ್ಸ್ ಸುಮ್ಮನೆ ಹಿಂದೆ ಮುಂದೆ ಓಡುತ್ತದೆ. ಕಿಟಕಿಯ ಚೌಕಟ್ಟೋ ಸೀರೆಯ ಅಂಚೋ ಸಿಕ್ಕರೆ ಆ ಕ್ಷಣವೇ ನಿಲ್ಲುತ್ತದೆ.

ಲೆನ್ಸಿನ ಪಕ್ಕದ ಸ್ವಿಚ್ಚಿನಲ್ಲಿ ಎಸ್, ಸಿ ಎಂಬ ಗುರುತುಗಳಿವೆ. ಎಸ್‌ನಲ್ಲಿ ಫೋಕಸ್ ಸಿಗುವ ತನಕ ಶಟರ್ ಬೀಳುವುದಿಲ್ಲ. ಸಿ ಇಟ್ಟರೆ ಮಸುಕಾಗಿದ್ದರೂ ಬೀಳುತ್ತದೆ, ಹತ್ತು ಫ್ರೇಮ್ ಮಸುಕಾದರೆ 500 ರೂಪಾಯಿ ನೀರಿಗೆ ಹೋಯಿತು. ಓಡುವ ಮಗು, ಹಾರುವ ಹಕ್ಕಿಗೆ ಸಿ ಬೇಕೇ ಬೇಕು. ಮಿಕ್ಕ ಸಮಯದಲ್ಲಿ ಸ್ವಿಚ್ಚು ಎಸ್‌ನಲ್ಲೇ ಇರಲಿ ಎಂಬುದು ನನ್ನ ಬಲವಾದ ಅಭಿಪ್ರಾಯ.

ಎರಡನೆಯದು ಬೆಳಕಿನ ಅಳತೆ. ಎಫ್100ರ ಮೀಟರು ದೃಶ್ಯವನ್ನು 10 ಭಾಗ ಮಾಡಿ ನೋಡುತ್ತದೆ. ಸ್ಲೈಡ್ ಫಿಲ್ಮ್ ಅರ್ಧ ಸ್ಟಾಪ್ ತಪ್ಪಿದರೂ ಮುನಿಸಿಕೊಳ್ಳುತ್ತದೆ. ಆ ಭಯಕ್ಕೆ ಪ್ರತಿ ದೃಶ್ಯವನ್ನೂ ಮೂರು ಎಕ್ಸ್‌ಪೋಶರಿನಲ್ಲಿ ತೆಗೆದರೆ ರೋಲಿಗೆ 12 ದೃಶ್ಯ, ದೃಶ್ಯಕ್ಕೆ 150 ರೂಪಾಯಿ. ಮೀಟರನ್ನು ನಂಬುವುದು ಕಲಿತವರಿಗೆ ಅದರಲ್ಲಿ 100 ರೂಪಾಯಿ ಉಳಿಯುತ್ತದೆ. ಕಲರ್ ನೆಗೆಟಿವ್ ಎರಡು ಸ್ಟಾಪ್ ಹೆಚ್ಚು ಬೆಳಕನ್ನೂ ತಾಳಿಕೊಳ್ಳುವುದರಿಂದ ಅಲ್ಲಿ ಈ ಖರ್ಚೇ ಬೇಡ.

ಎಫ್100ರ 1/8000 ಸೆಕೆಂಡಿನ ಶಟರ್ ಕೂಡ ಬರೀ ಶೋಕಿಯಲ್ಲ. ನೆತ್ತಿಯ ಬಿಸಿಲಿನಲ್ಲಿ 400 ಐಎಸ್‌ಒ ಫಿಲ್ಮಿಗೆ ಎಫ್/16ರಲ್ಲಿ ಸುಮಾರು 1/500 ಸೆಕೆಂಡು ಸಾಕು. ಅಪರ್ಚರನ್ನು ಎಫ್/4ಕ್ಕೆ ತೆರೆದಾಗ ಸರಿಯಾಗಿ 1/8000 ಬೇಕಾಗುತ್ತದೆ. ಡಿಜಿಟಲ್ಲಿನಲ್ಲಿ ಐಎಸ್‌ಒ ಇಳಿಸಬಹುದು, ಇಲ್ಲಿ 36 ಫ್ರೇಮ್ ಮುಗಿಯುವವರೆಗೆ ಅದೇ ಫಿಲ್ಮಿನೊಂದಿಗೆ ಬಾಳಬೇಕು.

ಹೀಗೆ ಎಣಿಸಿ ತೆಗೆದವರಲ್ಲಿ ಛಾಯಾಗ್ರಾಹಕ ಸ್ಟೀವ್ ಮೆಕರಿ ಒಬ್ಬರು. ಕೊಡಾಕ್ ತಯಾರಿಸಿದ ಕೊನೆಯ ಕೊಡಾಕ್ರೋಮ್ ಸ್ಲೈಡ್ ಫಿಲ್ಮ್ ರೋಲನ್ನು ಅವರು ನಿಕಾನ್ ಎಫ್6ಕ್ಕೆ ಹಾಕಿಕೊಂಡು ನ್ಯೂಯಾರ್ಕಿನಲ್ಲೂ ಭಾರತದಲ್ಲೂ ಫೋಟೊ ತೆಗೆದರು. 2010ರಲ್ಲಿ ಆ ರೋಲು ಅಮೆರಿಕದ ಕನ್ಸಾಸ್‌ನ ಪಾರ್ಸನ್ಸ್ ಊರಿನ ಲ್ಯಾಬಿಗೆ ತೊಳೆಯಲು ಹೋಯಿತು. ಅವರ ಕೈಲಿದ್ದದ್ದೂ 36 ಫ್ರೇಮೇ.

ಲೆನ್ಸಿನ ಖರ್ಚೂ ಹಿಡಿತದಲ್ಲಿರಬಹುದು. ಎಫ್100ರ ಬಾಡಿಯಲ್ಲೇ ಮೋಟಾರು ಇರುವುದರಿಂದ ಹಳೆಯ 50 ಮಿಮೀ ಎಫ್/1.8 ಡಿ ಲೆನ್ಸ್ ಸಲೀಸಾಗಿ ಫೋಕಸ್ ಆಗುತ್ತದೆ. ಅಪರ್ಚರ್ ರಿಂಗಿಲ್ಲದ ಜಿ ಲೆನ್ಸೂ ನಡೆಯುತ್ತದೆ. ಹೆಸರಿನಲ್ಲಿ ಎಫ್-ಸಂಖ್ಯೆಯ ಪಕ್ಕ ಇ ಅಕ್ಷರವಿರುವ ಹೊಸ ಲೆನ್ಸುಗಳನ್ನು ಮಾತ್ರ ಇದಕ್ಕೆಂದು ಕೊಳ್ಳಬೇಡಿ: ಅಪರ್ಚರ್ ಪೂರ್ತಿ ತೆರೆದೇ ಉಳಿಯುತ್ತದೆ, ಈ ಕ್ಯಾಮೆರಾ ಅದನ್ನು ಮುಚ್ಚಲಾರದು.