ಹನ್ನೊಂದಕ್ಕೂ ಮುಂಚಿನ ಹತ್ತು

ಅಮರ ಚಿತ್ರಕಥೆಯ ಇಂಗ್ಲಿಷ್ ಮಾಲಿಕೆ ಶುರುವಾಗುವುದು ಒಂದನೆಯ ಸಂಖ್ಯೆಯಿಂದಲ್ಲ, 11ರಿಂದ. ಆ ಹನ್ನೊಂದನೆಯ ಪುಸ್ತಕ ‘ಕೃಷ್ಣ’. ಚಿತ್ರ ಬರೆದವರು ರಾಮ್ ವೈರ್ಕರ್. ಅದಕ್ಕೂ ಮುಂಚಿನ ಹತ್ತು ಏನಾದವು? ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯನ್ನು ನೋಡಿಕೊಳ್ಳುತ್ತಿದ್ದ ಜಿ.ಕೆ. ಅನಂತರಾಮ್ ಅವರು ಇದಕ್ಕೆ ಕೊಟ್ಟ ಉತ್ತರ ನೇರವಾಗಿದೆ: ಅವು ಕನ್ನಡದಲ್ಲಿದ್ದವು. ಮಕ್ಕಳಿಗೆ ಕನ್ನಡದಲ್ಲಿ ಚಿತ್ರಕಥೆ ಬೇಕೆಂದು 1965ರಲ್ಲಿ ಹಟ ಹಿಡಿದು ಅವರು ಹೊರತಂದ ಪುಸ್ತಕಗಳವು. ಸಿಂಡರೆಲ್ಲಾಳಂಥ ಪಾಶ್ಚಾತ್ಯ ಕಿನ್ನರಕಥೆಗಳೇ ಅವುಗಳ ವಸ್ತು. ಪುಸ್ತಕಗಳು ಚೆನ್ನಾಗಿ ಖರ್ಚಾದವು. ಆಮೇಲೆಯೇ ಮುಂಬೈನ ಮುಖ್ಯ ಕಚೇರಿಗೆ ಈ ಕೆಲಸದಲ್ಲಿ ನಂಬಿಕೆ ಹುಟ್ಟಿತು, ಆಮೇಲೆಯೇ ಅನಂತ ಪೈ ಬಂದರು ಎಂದು ಅನಂತರಾಮ್ ಹೇಳಿದ್ದಾರೆ.

ಪೈಗಳು ನಮಗೆ ದೂರದವರೇನಲ್ಲ. ಶೃಂಗೇರಿಯಿಂದ ಎಸ್.ಕೆ. ಬಾರ್ಡರ್ ದಾಟಿ, ಮಾಳದ ಕಡೆಗೆ ಘಟ್ಟ ಇಳಿದು, ಬಜಗೋಳಿ ಹಾದರೆ ಸಿಗುವ ಕಾರ್ಕಳದಲ್ಲಿ 1929ರ ಸೆಪ್ಟೆಂಬರ್ 17ರಂದು ಅವರು ಹುಟ್ಟಿದರು. ಎಳವೆಯಲ್ಲೇ ತಂದೆ ತಾಯಿಯನ್ನು ಕಳೆದುಕೊಂಡು, ಹನ್ನೆರಡರ ವಯಸ್ಸಿಗೆ ಮುಂಬೈ ಸೇರಿದರು. ಓದಿದ್ದು ರಸಾಯನ ತಂತ್ರಜ್ಞಾನ, ಮನಸ್ಸು ನಿಂತದ್ದು ಪುಸ್ತಕದ ಮೇಲೆ. ಟೈಮ್ಸ್ ಆಫ್ ಇಂಡಿಯಾ ಸಂಸ್ಥೆ 1964ರಲ್ಲಿ ಶುರುಮಾಡಿದ ಇಂದ್ರಜಾಲ ಕಾಮಿಕ್ಸ್‌ನಲ್ಲಿ ಫ್ಯಾಂಟಮ್ ಕಥೆಗಳ ಜೊತೆ ಕೆಲಸ ಕಲಿತರು. 1967ರಲ್ಲಿ ದಿಲ್ಲಿಯ ದೂರದರ್ಶನದ ರಸಪ್ರಶ್ನೆಯೊಂದರಲ್ಲಿ ಗ್ರೀಕ್ ಪುರಾಣದ ಪ್ರಶ್ನೆಗೆ ಉತ್ತರಿಸಿದ ಮಕ್ಕಳು ರಾಮನ ತಾಯಿ ಯಾರೆಂದು ಕೇಳಿದಾಗ ತಡವರಿಸಿದ್ದನ್ನು ಕಂಡು ಅವರು ಅಮರ ಚಿತ್ರಕಥೆಗೆ ಕೈಹಾಕಿದ ಕಥೆ ಎಲ್ಲರಿಗೂ ಗೊತ್ತು. 1980ರಲ್ಲಿ ಮಕ್ಕಳ ಪತ್ರಿಕೆ ‘ಟಿಂಕಲ್’ ಬಂತು. 2011ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡರು. ಅಷ್ಟು ಹೊತ್ತಿಗೆ ಅಂಕಲ್ ಪೈ ಎಂಬ ಹೆಸರು ಮನೆಮನೆಯದಾಗಿತ್ತು.

ಆ ಪುಸ್ತಕಗಳಲ್ಲಿ ದೋಷಗಳೂ ಇದ್ದವು. ಅಸುರರಿಗೆ ಕಡುಗಪ್ಪು, ನಾಯಕನಿಗೆ ತಿಳಿಬಣ್ಣ ಎಂಬ ಲೆಕ್ಕ ಹಲವು ಸಂಚಿಕೆಗಳಲ್ಲಿ ಕಾಣುತ್ತದೆ, ಅದನ್ನು ವಿಮರ್ಶಕರು ಎತ್ತಿ ತೋರಿಸಿದ್ದು ನ್ಯಾಯವೇ. ಆದರೂ ಚಿತ್ರದ ಮೂಲಕ ಓದಲು ಕಲಿತ ಒಂದು ತಲೆಮಾರೇ ಈ ಪುಸ್ತಕಗಳಿಂದ ತಯಾರಾಯಿತು. ನಮ್ಮ ಭಾಗದ ಮಕ್ಕಳಿಗೆ ಅಮರ ಚಿತ್ರಕಥೆಯಷ್ಟೇ ಹತ್ತಿರವಾಗಿದ್ದದ್ದು ಬಾಲಮಂಗಳ. ಮಲಯಾಳದಿಂದ ಕನ್ನಡಕ್ಕೆ ಬಂದ ಇಲಿವೀರ ಡಿಂಗನಿಗಾಗಿ ಕಾದವರು ಕೊಪ್ಪ, ಜಯಪುರ, ಬಾಳೆಹೊನ್ನೂರುಗಳಲ್ಲಿ ಇಂದಿಗೂ ಎಷ್ಟೋ ಜನ ಸಿಗುತ್ತಾರೆ.

ಇಷ್ಟೆಲ್ಲ ಓದಿದ ನಾವು ಅದನ್ನು ಬರೆಯುವ ಕೈಯ ಬಗ್ಗೆ ಮಾತಾಡಿದ್ದು ಬಹಳ ಕಡಿಮೆ.

ಚಿತ್ರಕಥೆಯ ಕೆಲಸ ಚಿತ್ರದಿಂದ ಶುರುವಾಗುವುದಿಲ್ಲ. ಮೊದಲು ಕಥೆಯನ್ನು ಪುಟಗಳಿಗೆ, ಪುಟವನ್ನು ಚೌಕಗಳಿಗೆ ಹಂಚಬೇಕು. ಹೆಬ್ಬೆರಳಿನಷ್ಟು ಚಿಕ್ಕ ಗೀರುಚಿತ್ರಗಳಲ್ಲಿ ಇಡೀ ಪುಸ್ತಕವನ್ನು ಒಮ್ಮೆ ಓಡಿಸಿ ನೋಡುತ್ತಾರೆ. ಯಾವ ಮಾತು ಪುಟದ ಕೊನೆಯ ಚೌಕಕ್ಕೆ ಬರಬೇಕು, ಹಾಳೆ ತಿರುವಿದ ಕೂಡಲೇ ಏನು ಕಾಣಬೇಕು ಎಂಬ ತೀರ್ಮಾನವೆಲ್ಲ ಅಲ್ಲೇ ಆಗುತ್ತದೆ. ಆಮೇಲೆ ಅಚ್ಚಾಗುವ ಅಳತೆಗಿಂತ ದೊಡ್ಡ ಹಾಳೆಯಲ್ಲಿ ಪೆನ್ಸಿಲ್ ಕೆಲಸ, ಅದರ ಮೇಲೆ ನಿಬ್ಬು ಇಲ್ಲವೇ ಕುಂಚದಿಂದ ಕಪ್ಪು ಶಾಯಿ, ಅದಾದ ಮೇಲೆ ಬಣ್ಣ, ಅಕ್ಷರ. ಈಗ ಹೆಚ್ಚಿನವರು ಟ್ಯಾಬ್ಲೆಟ್ಟಿನ ಮೇಲೆ ಬರೆಯುತ್ತಾರೆ. ಸಾಮಾನು ಬದಲಾದರೂ ಹಂತಗಳು ಅವೇ. ಒಂದು ಪುಟಕ್ಕೆ ಒಂದಿಡೀ ದಿನ ಹಿಡಿಯುವುದು ಸಾಮಾನ್ಯ, ಜನಜಂಗುಳಿಯ ಪುಟವಾದರೆ ಎರಡು ಮೂರು ದಿನ. ಅದೇ ಮುಖ, ಅದೇ ಅಂಗಿ, ಅದೇ ಜಗುಲಿಯ ಕಂಬಗಳನ್ನು ನೂರಾರು ಸಲ ಬೇರೆ ಬೇರೆ ಕೋನದಿಂದ ಬರೆಯಬೇಕು. ಮೂವತ್ತನೆಯ ಪುಟದ ಅಜ್ಜಿ ಮೂರನೆಯ ಪುಟದ ಅಜ್ಜಿಯೇ ಎಂದು ಓದುಗನಿಗೆ ಅನ್ನಿಸಬೇಕು.

ಅಮರ ಚಿತ್ರಕಥೆಯ ಆರಂಭದ ಸಂಚಿಕೆಗಳಲ್ಲಿ ಖರ್ಚು ಉಳಿಸಲೆಂದು ಹಳದಿ, ನೀಲಿ, ಹಸಿರು ಬಣ್ಣಗಳಲ್ಲೇ ಪುಟಗಳನ್ನು ಮುಗಿಸುತ್ತಿದ್ದರು. ಪೂರ್ಣ ಬಣ್ಣ ಬಂದದ್ದು ನಂತರ. ಅಲ್ಲಿಯವರೆಗೆ ಆ ಮೂರರಲ್ಲೇ ಹಗಲು, ಇರುಳು, ಬೆಂಕಿ, ನೀರು ತೋರಿಸಬೇಕಿತ್ತು. ಬಣ್ಣ ಕಡಿಮೆಯಿದ್ದಷ್ಟೂ ರೇಖೆಗೆ ಹೊಣೆ ಹೆಚ್ಚು. ಮಲೆನಾಡನ್ನು ಬರೆಯಲು ಹೊರಡುವ ಕಲಾವಿದನಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಇಲ್ಲಿ ಮಳೆಗೆ ಒಂದೇ ರೀತಿಯ ಗೆರೆ ಸಾಲದು. ಜೂನಿನ ಮೊದಲ ಹೊಡೆತ, ಆಷಾಢದಲ್ಲಿ ದಿನಗಟ್ಟಲೆ ಹಿಡಿದ ಜಡಿ, ತೋಟದಲ್ಲಿ ಮಳೆ ನಿಂತ ಮೇಲೂ ಎಲೆಯಿಂದ ಬೀಳುವ ಹನಿ, ಮೂರಕ್ಕೂ ಮೂರು ಬಗೆಯ ಗೆರೆ ಬೇಕು. ಕಾಡನ್ನು ಪೂರ್ತಿ ಕಪ್ಪು ಬಳಿದರೆ ಮನುಷ್ಯ ಕಾಣುವುದಿಲ್ಲ, ಬಿಳಿ ಬಿಟ್ಟರೆ ಕಾಡು ಕಾಣುವುದಿಲ್ಲ.

ಇನ್ನು ಅಕ್ಷರ. ಕನ್ನಡದ ಚಿತ್ರಕಥೆಗೆ ನಿಜವಾದ ಅನ್ಯಾಯ ಆಗಿರುವುದು ಇಲ್ಲಿ ಎಂಬುದು ನನ್ನ ಅಭಿಪ್ರಾಯ. ಮಾತಿನ ಬಲೂನನ್ನು ಕಲಾವಿದ ಅಳೆಯುವುದು ಇಂಗ್ಲಿಷ್ ಮಾತಿಗೆ. ಇಂಗ್ಲಿಷಿನ ದೊಡ್ಡಕ್ಷರಗಳೆಲ್ಲ ಒಂದೇ ಎತ್ತರ, ಸಾಲಿನ ಮೇಲೂ ಕೆಳಗೂ ಏನೂ ಚಾಚುವುದಿಲ್ಲ. ಸಾಲುಗಳನ್ನು ಒತ್ತಿ ಒತ್ತಿ ಕೂರಿಸಬಹುದು. ಕನ್ನಡಕ್ಕೆ ಕೆಳಗೆ ಒತ್ತಕ್ಷರ, ಮೇಲೆ ಗುಡಿಸು, ಬಲಕ್ಕೆ ದೀರ್ಘ. ಎರಡು ಸಾಲುಗಳ ನಡುವೆ ಒತ್ತಕ್ಷರ ಉಸಿರಾಡುವಷ್ಟು ಜಾಗ ಬೇಕೇ ಬೇಕು. ವಿಭಕ್ತಿ, ಪ್ರತ್ಯಯ ಸೇರಿ ಪದವೂ ಉದ್ದವಾಗುತ್ತದೆ. ಇಂಗ್ಲಿಷಿನ ಅಳತೆಯ ಬಲೂನಿಗೆ ಇದನ್ನು ತುಂಬಲು ಹೋದಾಗ ಅಕ್ಷರ ಸಣ್ಣದಾಗುತ್ತದೆ, ಇಲ್ಲವೇ ಮಾತನ್ನು ಕತ್ತರಿಸುತ್ತಾರೆ. ಹಾಗೆ ಕತ್ತರಿಸಿದ ಕನ್ನಡ ಯಾರೂ ಆಡದ ಕನ್ನಡವಾಗಿರುತ್ತದೆ. ಮಗು ಅದನ್ನು ಓದಿ, ಕನ್ನಡ ಕಾಮಿಕ್ಸ್ ಯಾಕೋ ಸರಿಯಿಲ್ಲ ಎಂದು ಪಕ್ಕಕ್ಕಿಡುತ್ತದೆ. ತಪ್ಪು ಭಾಷೆಯದಲ್ಲ, ಜಾಗದ್ದು.

ಸದ್ದುಗಳ ಪಾಡೂ ಹೀಗೇ. ಬಾಗಿಲು ಬಡಿದದ್ದು, ಮರ ಮುರಿದದ್ದು, ಗುಡುಗಿದ್ದು ಚಿತ್ರಕಥೆಯಲ್ಲಿ ಚಿತ್ರದೊಳಗೇ ಬರೆದ ದಪ್ಪ ಅಕ್ಷರಗಳಾಗಿ ಬರುತ್ತವೆ. ಅನುವಾದ ಮಾಡುವಾಗ ಬಲೂನಿನ ಮಾತು ಬದಲಾದರೂ ಚಿತ್ರಕ್ಕೆ ಅಂಟಿದ ಇಂಗ್ಲಿಷ್ ಸದ್ದು ಹಾಗೆಯೇ ಉಳಿದುಬಿಡುತ್ತದೆ. ಧೋ ಎಂದು ಸುರಿಯುವ, ಜಿಟಿಜಿಟಿ ಹಿಡಿಯುವ, ದಬದಬ ಬೀಳುವ, ಗುಡುಗುಡಿಸುವ ಇಷ್ಟು ದೊಡ್ಡ ಸದ್ದಿನ ಭಂಡಾರವಿರುವ ಭಾಷೆಯ ಪುಸ್ತಕದಲ್ಲಿ ಬೇರೆ ಭಾಷೆಯ ಸಿಡಿಲು ಹೊಡೆಯುವುದು ನನಗಂತೂ ನೋವಿನ ಸಂಗತಿ. ಕಂಪ್ಯೂಟರಿನಲ್ಲೂ ಕಷ್ಟವಿತ್ತು. ಚಿತ್ರದ ತಂತ್ರಾಂಶಗಳಲ್ಲಿ ಯೂನಿಕೋಡ್ ಕನ್ನಡ ಬಹುಕಾಲ ಸರಿಯಾಗಿ ಕೂರುತ್ತಿರಲಿಲ್ಲ, ಒತ್ತಕ್ಷರ ಬಿಡಿಬಿಡಿಯಾಗಿ ಚೆದುರುತ್ತಿತ್ತು. ಹಾಗಾಗಿ ನುಡಿ, ಶ್ರೀಲಿಪಿಯಂಥ ಅಕ್ಷರ ತಂತ್ರಾಂಶಗಳನ್ನೇ ನೆಚ್ಚಿಕೊಳ್ಳಬೇಕಾಯಿತು. ಆ ತೊಡಕು ಈಗ ಬಹುಮಟ್ಟಿಗೆ ಕಳೆದಿದೆ. ಚಿತ್ರಕಥೆಗೆ ಒಪ್ಪುವ, ಕೈಬರಹದ ಲವಲವಿಕೆಯಿರುವ ಕನ್ನಡ ಅಕ್ಷರವಿನ್ಯಾಸಗಳು ಮಾತ್ರ ಇನ್ನೂ ಬೆರಳೆಣಿಕೆಯಷ್ಟೇ.

ಇದಕ್ಕೆ ಉಪಾಯ ಒಂದೇ: ಮೊದಲ ಗೀರುಚಿತ್ರದಿಂದಲೇ ಕನ್ನಡದ ಮಾತಿಗೆ ಅಳತೆ ಹಾಕಿ ಬರೆದ ಪುಸ್ತಕ. ಕಥೆಯನ್ನು ಚೌಕಗಳಲ್ಲಿ ಹೇಳುವುದು ಈ ನೆಲಕ್ಕೆ ಹೊಸದೇನಲ್ಲ. ಎನ್.ಆರ್. ಪುರದ ನೆರೆಯ ತರೀಕೆರೆ ತಾಲ್ಲೂಕಿನ ಅಮೃತಾಪುರಕ್ಕೆ ಹೋಗಿ ನೋಡಿ. ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ ಕಟ್ಟಿದ ಅಮೃತೇಶ್ವರ ದೇವಾಲಯದ ತೆರೆದ ಮಂಟಪದ ಹೊರಗೋಡೆಯಲ್ಲಿ 140 ಕಥಾಫಲಕಗಳಿವೆ. ದಕ್ಷಿಣದ ಕಡೆ ರಾಮಾಯಣದ 70. ಉತ್ತರದ ಕಡೆ ಕೃಷ್ಣನ ಬಾಲ್ಯದ 25, ಮಹಾಭಾರತದ 45. ಉತ್ತರದ ಗೋಡೆಯ ಕಥೆ ಪ್ರದಕ್ಷಿಣೆಯ ದಿಕ್ಕಿನಲ್ಲಿ ಸಾಗಿದರೆ ರಾಮಾಯಣ ಅಪ್ರದಕ್ಷಿಣೆಯಾಗಿ ಸಾಗುತ್ತದೆ. ಗೋಡೆಗೆ ಮುಖ ಮಾಡಿ ನಿಂತವರಿಗೆ ರಾಮಾಯಣ ಕನ್ನಡ ಪುಸ್ತಕದಂತೆ ಎಡದಿಂದ ಬಲಕ್ಕೆ ಓದಿಸಿಕೊಳ್ಳುತ್ತದೆ, ಮಹಾಭಾರತ ಜಪಾನಿನ ಮಂಗಾ ಪುಸ್ತಕದಂತೆ ಬಲದಿಂದ ಎಡಕ್ಕೆ. ಹೆಸರಾಂತ ಶಿಲ್ಪಿ ರೂವಾರಿ ಮಲ್ಲಿತಮ್ಮ ಕೆಲಸ ಆರಂಭಿಸಿದ್ದು ಇದೇ ಗುಡಿಯಲ್ಲಿ ಎನ್ನುತ್ತಾರೆ. ಶಾಸನದ ಪದ್ಯ ಕವಿಚಕ್ರವರ್ತಿ ಜನ್ನನದು. ಕವಿ ಮತ್ತು ಚಿತ್ರಕಾರ ಒಂದೇ ಕೃತಿಗೆ ಕೈಹಾಕಿದ್ದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನಮ್ಮ ಜಿಲ್ಲೆಯಲ್ಲಿಲ್ಲ. ಶೃಂಗೇರಿಯ ವಿದ್ಯಾಶಂಕರ ದೇವಾಲಯದ ಹನ್ನೆರಡು ರಾಶಿಕಂಬಗಳೂ, ಹೊರಗೋಡೆಯ ಪುರಾಣಶಿಲ್ಪಗಳೂ ಚಿತ್ರ ಕಲಿಯುವವರಿಗೆ ದೊಡ್ಡ ಪಾಠಶಾಲೆ.

ಗ್ರಾಫಿಕ್ ಕಾದಂಬರಿ ಎಂದರೆ ಹಲವರಿಗೆ ಇನ್ನೂ ಮಕ್ಕಳ ಪುಸ್ತಕದ ನೆನಪು. ಆರ್ಟ್ ಸ್ಪೀಗಲ್‌ಮನ್ ತನ್ನ ತಂದೆ ನಾಜಿ ಯಾತನಾಶಿಬಿರದಿಂದ ಬದುಕಿ ಬಂದ ಕಥೆಯನ್ನು ಇಲಿ ಬೆಕ್ಕುಗಳ ರೂಪದಲ್ಲಿ ಬರೆದ ‘ಮೌಸ್’ 1980ರಿಂದ 1991ರವರೆಗೆ ಕಂತುಕಂತಾಗಿ ಬಂತು. 1992ರಲ್ಲಿ ಅದಕ್ಕೆ ಪುಲಿಟ್ಜರ್ ವಿಶೇಷ ಪ್ರಶಸ್ತಿ ಸಿಕ್ಕಿತು. ನಮ್ಮ ದೇಶದಲ್ಲಿ ಒರಿಜಿತ್ ಸೇನ್ 1994ರಲ್ಲಿ ‘ರಿವರ್ ಆಫ್ ಸ್ಟೋರೀಸ್’ ಬರೆದರು. ನರ್ಮದೆಗೆ ಅಣೆಕಟ್ಟು ಬಂದಾಗ ಮುಳುಗುವ ಊರುಗಳ ಕಥೆ ಅದು. ಇದನ್ನು ಎನ್.ಆರ್. ಪುರದವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಭದ್ರಾ ಹಿನ್ನೀರಿನ ಅಡಿಯಲ್ಲಿ ಅವರ ಹಿರಿಯರ ಗದ್ದೆ, ಮನೆ, ದಾರಿಗಳಿವೆ. ಘಟ್ಟದ ತುದಿಯ ಕುದುರೆಮುಖದಲ್ಲಿ ಅದಿರು ಗಣಿ 2005ರ ಕೊನೆಗೆ ಮುಚ್ಚಿತು, ಅದರ ಜೊತೆ ಒಂದು ಊರೇ ಖಾಲಿಯಾಯಿತು. ಕುವೆಂಪು ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, 1904ರ ಡಿಸೆಂಬರ್ 29ರಂದು. ಅವರ ಕಿಂದರಿಜೋಗಿಯ ಹಿಂದೆ ಹೊರಟ ಇಲಿಗಳ ಸಾಲಿನಂಥ ದೃಶ್ಯಕ್ಕೆ ಒಂದಿಡೀ ಹರವು ಪುಟವೂ ಸಾಲದು. ಬರೆಯಲು ವಸ್ತುವಿಗೆ ಇಲ್ಲಿ ಬರವಿಲ್ಲ.

ಕರ್ನಾಟಕದಲ್ಲಿ ಈ ಕೆಲಸ ನಡೆದೇ ಇಲ್ಲವೆಂದಲ್ಲ. ರಾ.ಶಿ. ಅವರ ಹಾಸ್ಯಪತ್ರಿಕೆ ‘ಕೊರವಂಜಿ’ 1942ರಿಂದ 1967ರವರೆಗೆ ನಡೆದು, ಆರ್.ಕೆ. ಲಕ್ಷ್ಮಣರ ಎಳೆಯ ಗೆರೆಗಳಿಗೂ ಜಾಗ ಕೊಟ್ಟಿತು. ಬೆಂಗಳೂರಿನಲ್ಲಿದ್ದುಕೊಂಡು ಅಪ್ಪುಪೆನ್ ಎಂಬ ಹೆಸರಿನಲ್ಲಿ ಬರೆದ ಜಾರ್ಜ್ ಮ್ಯಾಥನ್ 2009ರ ‘ಮೂನ್‌ವರ್ಡ್’ನಿಂದ ಹಲಾಹಲ ಎಂಬ ತಮ್ಮದೇ ಲೋಕ ಕಟ್ಟಿದ್ದಾರೆ. 2013ರ ‘ಲೆಜೆಂಡ್ಸ್ ಆಫ್ ಹಲಾಹಲ’ದ ಕಥೆಗಳಿಗೆ ಮಾತೇ ಇಲ್ಲ. ಕೊಪ್ಪದ ಹುಡುಗಿಯೂ ಪ್ಯಾರಿಸ್ಸಿನ ಓದುಗನೂ ಅದನ್ನು ಅನುವಾದವಿಲ್ಲದೆ ಓದಬಹುದು. 2012ರಿಂದ ಬೆಂಗಳೂರಿನಲ್ಲಿ ಕಾಮಿಕ್ ಕಾನ್ ಕೂಡ ನಡೆಯುತ್ತಿದೆ.

ಹೊಸ ಪುಸ್ತಕ ಬರುವ ಹೊತ್ತಿನಲ್ಲಿ ಕಲಾವಿದನ ಬದುಕು ಎರಡು ಪಾಲಾಗುತ್ತದೆ. ಒಂದು, ಎರಡು ವರ್ಷ ಯಾರೂ ಕಾಣದಂತೆ ಮೇಜಿಗೆ ಅಂಟಿಕೊಂಡ ಕಾಲ. ಇನ್ನೊಂದು, ಕೆಲವೇ ವಾರಗಳ ಗದ್ದಲ. ಮುದ್ರಣಾಲಯದಿಂದ ಬಣ್ಣದ ಪ್ರೂಫ್ ಬಂದಾಗ ಪರದೆಯ ಮೇಲೆ ಹೊಳೆಯುತ್ತಿದ್ದ ಹಸಿರು ಕಾಗದದಲ್ಲಿ ಕಂದಿರುತ್ತದೆ, ತಿದ್ದಿ ಮತ್ತೆ ಕಳಿಸಬೇಕು. ಬಿಡುಗಡೆಯ ದಿನ ಕಾದಂಬರಿಕಾರ ಹೆಸರು ಗೀಚಿ ಪುಸ್ತಕ ಕೊಡುತ್ತಾನೆ, ಚಿತ್ರಕಾರನನ್ನು ಮಾತ್ರ ಪ್ರತಿಯೊಬ್ಬ ಓದುಗನೂ ಒಂದು ಚಿತ್ರ ಬರೆದುಕೊಡಿ ಎನ್ನುತ್ತಾನೆ. ಅವನು ಬರೆದುಕೊಡುತ್ತಾನೆ ಕೂಡ. ಸಾಲಿನಲ್ಲಿ ನಿಂತವರಲ್ಲಿ ಯಾರೋ ಆಗಲೇ ಒಂದೇ ಗಂಟೆಯಲ್ಲಿ ಪುಸ್ತಕ ಮುಗಿಸಿ, ಮುಂದಿನದು ಯಾವಾಗ ಎಂದು ಕೇಳುತ್ತಾರೆ. ಆ ಪ್ರಶ್ನೆ ಪ್ರೀತಿಯದೇ. ಆದರೆ ಪುಟಕ್ಕಿಷ್ಟು ಎಂದು ಸಿಕ್ಕ ಹಣ ಅಷ್ಟು ಹೊತ್ತಿಗೆ ಖರ್ಚಾಗಿರುತ್ತದೆ. ಜಾಹೀರಾತು, ಪಠ್ಯಪುಸ್ತಕ, ಮುಖಪುಟಗಳ ಕೆಲಸದಿಂದ ಮನೆ ನಡೆಯಬೇಕು, ಸ್ವಂತದ ಕಥೆಗೆ ಉಳಿಯುವುದು ರಾತ್ರಿ. ಕನ್ನಡದಲ್ಲಿ ಇಂಥ ಪುಸ್ತಕ ವಿರಳವಾಗಿರಲು ಪ್ರತಿಭೆಯ ಕೊರತೆ ಕಾರಣವಲ್ಲ. ಬಣ್ಣದ ಅಚ್ಚು ದುಬಾರಿ, ಕಡಿಮೆ ಪ್ರತಿ ಹಾಕಿದರೆ ಬೆಲೆ ಏರುತ್ತದೆ, ಬೆಲೆ ಏರಿದರೆ ಕೊಳ್ಳುವವರು ಹಿಂಜರಿಯುತ್ತಾರೆ. ಈ ಸುತ್ತನ್ನು ಒಡೆಯಬಲ್ಲವರು ಕೊಳ್ಳುವವರು ಮಾತ್ರ.

ಅನಂತರಾಮ್ ಕನ್ನಡದ ಮಕ್ಕಳ ಮೇಲೆ ನಂಬಿಕೆಯಿಟ್ಟ 1965ರಲ್ಲೇ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯೂ ಬಂತು. ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನು ನಾವು ಇಂದಿಗೂ ಕಟ್ಟುತ್ತಿದ್ದೇವೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಗ್ರಂಥಾಲಯಗಳಲ್ಲಿ, ನಿಮ್ಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಕನ್ನಡ ಚಿತ್ರಕಥೆಗೆ ಒಂದು ಕಪಾಟು ಇಡಿ ಎಂದು ಬರೆದು ಕೇಳಿ. ಶಾಲೆಯ ವಾರ್ಷಿಕೋತ್ಸವದ ಬಹುಮಾನಕ್ಕೆ ಸ್ಟೀಲ್ ತಟ್ಟೆಯ ಬದಲು ಅಂಥದೊಂದು ಪುಸ್ತಕ ಕೊಡಿ. ಮನೆಯಲ್ಲಿ ಸದಾ ಚಿತ್ರ ಗೀಚುತ್ತ ಕೂರುವ ಮಗುವಿದ್ದರೆ ಒಂದು ಭಾನುವಾರ ಅಮೃತಾಪುರಕ್ಕೆ ಕರೆದುಕೊಂಡು ಹೋಗಿ, ದಕ್ಷಿಣದ ಗೋಡೆಯಿಂದ ಓದಲು ಶುರುಮಾಡಿಸಿ.