ನೂರು ತಾಸಿನ ಆಟ

ಸ್ಟೀಮ್‌ನ ಕಾರ್ಟ್‌ನಲ್ಲಿ ಆ ಗೇಮ್ ಆರು ತಿಂಗಳಿಂದ ಕೂತಿತ್ತು. ರಾತ್ರಿ ಓದು ಮುಗಿಸಿ ಲ್ಯಾಪ್‌ಟಾಪ್ ಮುಚ್ಚುವ ಮುಂಚೆ ದಿನವೂ ಒಮ್ಮೆ ಹೋಗಿ ನೋಡಿ ಬರುತ್ತಿದ್ದೆ, ಕಾಲೇಜಿನಲ್ಲಿ ಮಾತಾಡಿಸಲಾಗದ ಹುಡುಗಿಯ ಡಿಪಿ ನೋಡಿ ಬಂದ ಹಾಗೆ. ಕೊಳ್ಳುವ ಧೈರ್ಯವೂ ಇಲ್ಲ, ಕಾರ್ಟ್‌ನಿಂದ ತೆಗೆಯುವ ಮನಸ್ಸೂ ಇಲ್ಲ.

ಗೇಮಿನ ಹೆಸರು ‘ದಿ ವಿಚರ್ 3: ವೈಲ್ಡ್ ಹಂಟ್’. ಪೋಲೆಂಡ್‌ನ ಸಿಡಿ ಪ್ರಾಜೆಕ್ಟ್ ರೆಡ್ ಕಂಪನಿ 2015ರ ಮೇ ತಿಂಗಳಲ್ಲಿ ಬಿಡುಗಡೆ ಮಾಡಿದ್ದು. ಇಂಥ ಆಟಕ್ಕೆ ಓಪನ್ ವರ್ಲ್ಡ್ ಎನ್ನುತ್ತಾರೆ. ಒಂದು ಲೆವೆಲ್ ಮುಗಿಸಿ ಇನ್ನೊಂದಕ್ಕೆ ಹೋಗುವ ಆಟವಲ್ಲ ಇದು. ಒಂದಿಡೀ ನಾಡನ್ನು ಎದುರಿಗೆ ಹರವಿ, ಕೈಗೊಂದು ಕುದುರೆ ಕೊಟ್ಟು, ಎಲ್ಲಿಗೆ ಬೇಕಾದರೂ ಹೋಗು ಅಂತ ಬಿಟ್ಟುಬಿಡುತ್ತಾರೆ. ಯಾರ ಜೊತೆ ಏನು ಮಾತಾಡಬೇಕು, ಯಾರನ್ನು ಉಳಿಸಬೇಕು ಎಂಬುದೂ ನಮ್ಮದೇ ತೀರ್ಮಾನ. ಇದುವರೆಗೆ ಐದು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿವೆ. ಅಷ್ಟು ಜನ ಕೊಂಡಿದ್ದಾರೆ ಎಂದರೆ ಚೆನ್ನಾಗಿಯೇ ಇರಬೇಕು. ನನ್ನ ತಕರಾರು ಅದಲ್ಲ. ಆಟ ಚೆನ್ನಾಗಿದೆಯೋ ಇಲ್ಲವೋ ಎಂಬುದು ಬೇರೆ, ಈಗ ನಾನು ಕೊಳ್ಳಬಹುದೋ ಇಲ್ಲವೋ ಎಂಬುದು ಬೇರೆ.

ನಾನೆಂದರೆ, ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಸಾವಿರಾರು ಹುಡುಗರಲ್ಲಿ ಒಬ್ಬ. ಊರು ರಾಣೆಬೆನ್ನೂರು ಹತ್ತಿರ. ಡಿಗ್ರಿ ಮುಗಿದು ಎರಡು ವರ್ಷ ಆಯಿತು. ತಿಂಗಳ ಖರ್ಚಿಗೆ ಬೆಂಗಳೂರಿನಿಂದ ಅಕ್ಕ ರೊಕ್ಕ ಹಾಕುತ್ತಾಳೆ. ಈ ಲ್ಯಾಪ್‌ಟಾಪ್ ಕೂಡ ಅವಳೇ ಇಎಂಐ ಮೇಲೆ ಕೊಡಿಸಿದ್ದು, ನಾನು ಕೊನೇ ವರ್ಷದಲ್ಲಿದ್ದಾಗ. ಓದಿಗೆ ಅಂತ.

ಮೊದಲಿಗೆ ನಾನು ರೊಕ್ಕದ ಲೆಕ್ಕ ಮಾಡಿದೆ. ಅದು ಸುಲಭದ ಲೆಕ್ಕ. ಹಳೆಯ ಗೇಮ್ ಆದ್ದರಿಂದ ಸ್ಟೀಮ್ ಸೇಲ್ ಬಂದಾಗ ಇದರ ಬೆಲೆ ಶೇ 80ರವರೆಗೆ ಇಳಿಯುತ್ತದೆ. ಕಂಪ್ಲೀಟ್ ಎಡಿಷನ್ ತೆಗೆದುಕೊಂಡರೆ ಆಮೇಲೆ ಬಂದ ಎರಡು ದೊಡ್ಡ ಕಥೆಗಳು, ‘ಹಾರ್ಟ್ಸ್ ಆಫ್ ಸ್ಟೋನ್’ ಮತ್ತು ‘ಬ್ಲಡ್ ಅಂಡ್ ವೈನ್’, ಅದರಲ್ಲೇ ಸೇರಿರುತ್ತವೆ. ಖಾನಾವಳಿಯಲ್ಲಿ ಒಂದು ವಾರ ರಾತ್ರಿ ಊಟ ಬಿಟ್ಟರೆ ಆಯಿತು ಅಂದುಕೊಂಡೆ. ಪೂರ್ತಿ ಬೆಲೆಗೆ ಇದನ್ನು ಕೊಳ್ಳುವವರನ್ನು ಕಂಡರೆ ನನಗೆ ಕನಿಕರ. ವರ್ಷದಲ್ಲಿ ಹಲವು ಸಲ ಸೇಲ್ ಬರುತ್ತದೆ, ಕಾಯುವುದು ನಮ್ಮಂಥವರಿಗೆ ಹೇಗೂ ಅಭ್ಯಾಸ.

ಎರಡನೆಯದು ಲ್ಯಾಪ್‌ಟಾಪ್ ತಡೆಯುತ್ತದೆಯೇ ಎಂಬುದು. ನನ್ನದರಲ್ಲಿ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್ ಇದೆ. 2015ರ ಆಟಕ್ಕೆ ಅದು ಸಾಕು. ಆದರೆ 2022ರ ಡಿಸೆಂಬರ್‌ನಲ್ಲಿ ಬಂದ ದೊಡ್ಡ ಅಪ್‌ಡೇಟ್‌ನಲ್ಲಿ ರೇ ಟ್ರೇಸಿಂಗ್ ಅದು ಇದು ಸೇರಿಸಿ ಆಟವನ್ನು ಭಾರ ಮಾಡಿದ್ದಾರೆ. ಶುರು ಮಾಡುವಾಗ ಡೈರೆಕ್ಟ್‌ಎಕ್ಸ್ 11 ಆರಿಸಿಕೊಂಡರೆ ಹಳೆಯ ಮಷೀನಿನಲ್ಲೂ ಸಲೀಸಾಗಿ ಓಡುತ್ತದೆ, 12 ಆರಿಸಿದರೆ ನನ್ನಂಥವರ ಲ್ಯಾಪ್‌ಟಾಪ್ ಮುಗ್ಗರಿಸುತ್ತದೆ. ಇದು ಗೊತ್ತಿಲ್ಲದೆ ಬೈದುಕೊಂಡು ಆಟ ಬಿಟ್ಟವರು ನನ್ನ ಪರಿಚಯದಲ್ಲೇ ಇಬ್ಬರಿದ್ದಾರೆ.

ಮೂರನೆಯದನ್ನು ಯಾರೂ ಹೇಳುವುದಿಲ್ಲ. ಅದು ಡೇಟಾ. ಆಟಕ್ಕೆ 50 ಜಿಬಿ ಜಾಗ ಬೇಕು. ನನ್ನ ಮೊಬೈಲ್ ಪ್ಯಾಕ್‌ನಲ್ಲಿ ದಿನಕ್ಕೆ ಒಂದೂವರೆ ಜಿಬಿ. ಹಾಟ್‌ಸ್ಪಾಟ್ ಹಾಕಿ ಇಳಿಸಿಕೊಳ್ಳುತ್ತೇನೆಂದರೆ 33 ದಿನ ಬೇಕು, ಅಷ್ಟು ದಿನವೂ ವಾಟ್ಸ್‌ಆ್ಯಪ್ ಕೂಡ ತೆರೆಯದಿದ್ದರೆ. ಸ್ಟೀಮ್‌ನಲ್ಲಿ ಒಂದು ಒಳ್ಳೆಯ ನಿಯಮವಿದೆ. ಕೊಂಡು 14 ದಿನದೊಳಗೆ, ಎರಡು ತಾಸಿಗಿಂತ ಕಡಿಮೆ ಆಡಿದ್ದರೆ, ಹಿಡಿಸಲಿಲ್ಲ ಅಂತ ರೊಕ್ಕ ವಾಪಸ್ ಕೇಳಬಹುದು. ಆದರೆ ನಾನು ಹಾಟ್‌ಸ್ಪಾಟ್ ನಂಬಿದರೆ ಆಟ ಇಳಿಯುವ ಮೊದಲೇ ಆ 14 ದಿನ ಮುಗಿದಿರುತ್ತದೆ!

ರೂಮ್‌ಮೇಟ್ ನಕ್ಕ. “ಇಷ್ಟೆಲ್ಲಾ ಯಾಕಪಾ? ಕ್ರ್ಯಾಕ್ ಸಿಗತೈತಿ, ಪೆನ್‌ಡ್ರೈವ್ ಕೊಡ್ತೀನಿ.” ಡಿಗ್ರಿಯಲ್ಲಿದ್ದಾಗ ಅಂಥದೇ ಒಂದು ಪೆನ್‌ಡ್ರೈವ್ ಹಾಕಿ ಪ್ರಾಜೆಕ್ಟ್ ರಿಪೋರ್ಟ್ ಸಮೇತ ಎಲ್ಲ ಕಳೆದುಕೊಂಡವನು ನಾನು. ಬೇಡ ಅಂದೆ. ಸತ್ಯ ಹೇಳಬೇಕೆಂದರೆ ಅದೊಂದೇ ಕಾರಣವಲ್ಲ. ಜೀವನದಲ್ಲಿ ಒಂದಾದರೂ ಗೇಮನ್ನು ಕೊಂಡು ಆಡಬೇಕು ಅಂತ ಆಸೆ ಇತ್ತು.

ಬೇರೆ ಆಟಗಳನ್ನೂ ತೂಗಿ ನೋಡಿದ್ದೆ. 2011ರ ‘ಸ್ಕೈರಿಮ್’ ಇನ್ನೂ ಹಗುರ, ಸಾಧಾರಣ ಲ್ಯಾಪ್‌ಟಾಪ್‌ನಲ್ಲೂ ಆದೀತು. ಅಲೆದಾಡುವುದೇ ಸುಖ ಎನ್ನುವವರಿಗೆ ಅದು ಸರಿ, ಕಥೆ ಬೇಕೆನ್ನುವ ನನಗೆ ಅಲ್ಲ. 2022ರ ‘ಎಲ್ಡನ್ ರಿಂಗ್’ ನೋಡಿದರೆ ಕಣ್ಣು ತಂಪಾಗುತ್ತದೆ, ಆದರೆ ಸತ್ತು ಸತ್ತು ಕಲಿಯಬೇಕಾದ ಆಟ. ಮೇಲಾಗಿ ಅದರಲ್ಲಿ ಪಾಸ್ ಬಟನ್ನೇ ಇಲ್ಲ. ಅವ್ವನ ಫೋನ್ ಬಂದರೂ ನಿಲ್ಲಿಸಲಾಗದ ಆಟವನ್ನು ಕೊಂಡು ನಾನೇನು ಮಾಡಲಿ? ತಾಸು ಕಡಿಮೆ ಇದ್ದವರಿಗೆ ನಮ್ಮ ಪುಣೆಯ ಹುಡುಗರು ಮಾಡಿದ ‘ರಾಜಿ’ ಇದೆ. ಓಪನ್ ವರ್ಲ್ಡ್ ಅಲ್ಲ, ನಮ್ಮ ಪುರಾಣದ ಕಥೆ, ಒಂದು ಭಾನುವಾರದಲ್ಲಿ ಮುಗಿಯುತ್ತದೆ.

ಕೊನೆಗೆ ಅಕ್ಕನಿಗೆ ಫೋನ್ ಮಾಡಿದೆ. ಖಾತೆಯಲ್ಲಿರುವುದು ಅವಳ ದುಡಿಮೆ. ಕೇಳದೆ ಆಟಕ್ಕೆ ಖರ್ಚು ಮಾಡಲು ಕೈ ಬರಲಿಲ್ಲ. ಇಷ್ಟು ರೊಕ್ಕ, ಸೇಲ್‌ನಲ್ಲಿ ಇಷ್ಟಾಗುತ್ತದೆ ಅಂತ ಒಂದೇ ಉಸಿರಿನಲ್ಲಿ ಹೇಳಿದೆ.

“ರೊಕ್ಕದ್ದು ಬಿಡು ತಮ್ಮಾ. ಎಷ್ಟು ತಾಸಿನ ಆಟ ಅದು?”

ಮುಖ್ಯ ಕಥೆಯಷ್ಟೇ ಆಡಿದರೆ 50 ತಾಸು, ಅಲ್ಲಿ ಇಲ್ಲಿ ಅಡ್ಡಾಡಿ ಆಡಿದರೆ ನೂರು ಆಗುತ್ತದೆ ಅಂದೆ.

“ನೂರು ತಾಸ?” ಸ್ವಲ್ಪ ಹೊತ್ತು ಸುಮ್ಮನಾದಳು. “ನಂದು ತಿಂಗಳಿಗೆ ಎರಡ್ನೂರಾ ಎಂಟು ತಾಸು ಡ್ಯೂಟಿ. ಹಂಗಾದ್ರ ನಾ ಅರ್ಧ ತಿಂಗಳು ದುಡಿದಷ್ಟು ನೀ ಆಡ್ತಿ.” ಆಮೇಲೆ ಅವಳೇ, “ಬ್ಯಾಡ ಅನ್ನಾಕತ್ತಿಲ್ಲ. ಲೆಕ್ಕ ಹೇಳಿದೆ ಅಷ್ಟ” ಅಂದಳು. ಊಟ ಆಯಿತಾ ಅಂತ ಕೇಳಿ ಫೋನ್ ಇಟ್ಟಳು.

ಬೈದಿದ್ದರೆ ಚಲೋ ಇತ್ತು. ಬೈದರೆ ಸಿಟ್ಟು ಮಾಡಿಕೊಂಡು ಕೊಂಡುಬಿಡಬಹುದಿತ್ತು. ಆ ಲೆಕ್ಕ ಮಾತ್ರ ತಲೆಯಲ್ಲೇ ಕೂತಿತು. ದಿನಕ್ಕೆ ಎಂಟು ತಾಸು ಓದುತ್ತೇನೆ ಅಂತ ಹೇಳಿಕೊಳ್ಳುತ್ತೇನಲ್ಲ, ಆ ಪ್ರಕಾರ ನೂರು ತಾಸೆಂದರೆ ಹನ್ನೆರಡೂವರೆ ದಿನದ ಓದು. ನಿಜವಾಗಿ ಎಷ್ಟು ಓದುತ್ತೇನೆ ಅಂತ ಒಂದು ವಾರ ಬರೆದಿಟ್ಟು ನೋಡಿದೆ. ಐದು ತಾಸು ದಾಟಿದ ದಿನ ಎರಡೇ. ಉಳಿದದ್ದು ರೀಲ್ಸ್‌ಗೆ, ಚಹಾದಂಗಡಿಗೆ, ‘ಈ ಸಲ ಕಟ್ ಆಫ್ ಎಷ್ಟಾಗಬಹುದು’ ಎಂಬ ಮುಗಿಯದ ಚರ್ಚೆಗೆ. ಗೇಮ್ ಕೊಳ್ಳದೆಯೇ ನಾನು ತಿಂಗಳಿಗೆ ನೂರು ತಾಸು ಖರ್ಚು ಮಾಡುತ್ತಿದ್ದೆ!

ಹುಬ್ಬಳ್ಳಿಯಲ್ಲಿ ಒಬ್ಬ ಗೆಳೆಯನ ಮನೆಯಲ್ಲಿ ಈ ಗೇಮ್ ಇದೆ. ಒಂದು ಭಾನುವಾರ ಚಿಗರಿ ಬಸ್ ಹತ್ತಿ ಹೋದೆ, ಸುಮ್ಮನೆ ನೋಡಿ ಬರೋಣ ಅಂತ. ಬೆಳಿಗ್ಗೆ ಹತ್ತಕ್ಕೆ ಕೂತವನು ಎದ್ದಾಗ ಹೊರಗೆ ಕತ್ತಲಾಗಿತ್ತು.

ಆಟದ ನಾಯಕ ಗೆರಾಲ್ಟ್ ರಾಜನೂ ಅಲ್ಲ, ದೇವರ ಮಗನೂ ಅಲ್ಲ. ಕೂಲಿಗೆ ಪಿಶಾಚಿ, ಪ್ರಾಣಿಗಳನ್ನು ಬೇಟೆಯಾಡುವವನು. ಊರಿಗೊಂದು ನೋಟಿಸ್ ಬೋರ್ಡ್ ಇರುತ್ತದೆ. ಅಲ್ಲಿ ಹೋಗಿ ಕೆಲಸ ಏನಾದರೂ ಇದೆಯಾ ಅಂತ ಚೀಟಿ ಓದಬೇಕು. ಅದನ್ನು ನೋಡಿ ನನಗೆ ನಗು ಬಂತು. ನಾನು ಇಲ್ಲಿ ಮಾಡುವುದೂ ಅದನ್ನೇ, ನೋಟಿಫಿಕೇಷನ್ ಬಂತಾ ಅಂತ ದಿನಾ ನೋಡುವುದು. ಮೊದಲ ಊರು ವೈಟ್ ಆರ್ಚರ್ಡ್‌ನ ಒಂದು ಚೀಟಿಯಲ್ಲಿ ಬಾವಿಯ ಹತ್ತಿರ ದೆವ್ವ ಕಾಡುತ್ತಿದೆ ಅಂತ ಬರೆದಿತ್ತು. ಬರೆಸಿದವನ ಮಗಳಿಗೆ ಹುಷಾರಿಲ್ಲ, ಆ ಬಾವಿಯ ಶುದ್ಧ ನೀರು ಬೇಕು. ಅಂಥವನ ಜೊತೆ ಕೂಲಿ ಚೌಕಾಸಿ ಮಾಡಬೇಕು. ತೀರಾ ಹೆಚ್ಚು ಕೇಳಿದರೆ ಎದುರಿನವನಿಗೆ ಸಿಟ್ಟು ಬರುತ್ತದೆ, ಕಡಿಮೆಗೆ ಒಪ್ಪಿದರೆ ನಮ್ಮ ಕತ್ತಿ ರಿಪೇರಿಗೂ ಆಗುವುದಿಲ್ಲ. ನಾನು ಹೆಚ್ಚೇ ಕೇಳಿದೆ. ಕೇಳಿದ ಮೇಲೆ ಹೊಟ್ಟೆಯಲ್ಲಿ ಏನೋ ಆಯಿತು. ಬಟನ್ ಒತ್ತಿದ್ದಕ್ಕೆ ಹೊಟ್ಟೆಯಲ್ಲಿ ಏನೋ ಆಗುವ ಆಟವನ್ನು ನಾನು ಅದಕ್ಕೂ ಮೊದಲು ಆಡಿರಲಿಲ್ಲ.

ಮರುದಿನ ಸೋಮವಾರ ಮಾಕ್ ಟೆಸ್ಟ್ ಇತ್ತು. ಸಂವಿಧಾನದ ಪ್ರಶ್ನೆಗಳ ಮಧ್ಯೆ ಆ ಬಾವಿ ಬರುತ್ತಿತ್ತು. ಹಿಂದಿನ ವಾರಕ್ಕಿಂತ 11 ಅಂಕ ಕಡಿಮೆ ಬಂತು. ಅವತ್ತು ರಾತ್ರಿ ಕಾರ್ಟ್‌ನಿಂದ ಗೇಮ್ ತೆಗೆದೆ. ಆಟ ಕೆಟ್ಟದ್ದು ಅಂತ ಅಲ್ಲ, ಅಷ್ಟು ಒಳ್ಳೆಯದು ಅಂತ. ಪಕ್ಕದಲ್ಲಿಟ್ಟುಕೊಂಡು ಓದುವ ವಸ್ತು ಅದಲ್ಲ.

ಡಿಸೆಂಬರ್ ಮೊದಲ ವಾರ ಪರೀಕ್ಷೆ ಬರೆದೆ. ಹೇಗಾಯಿತು ಎಂದು ಕೇಳಬೇಡಿ, ಕೀ ಆನ್ಸರ್ ಬಂದ ದಿನ ರೂಮಿನಲ್ಲಿ ಯಾರೂ ಮಾತಾಡಲಿಲ್ಲ. ತಿಂಗಳ ಕೊನೆಗೆ ಸ್ಟೀಮ್‌ನ ಚಳಿಗಾಲದ ಸೇಲ್ ಬಂತು. ಅಷ್ಟರಲ್ಲಿ ಓಣಿಯ ಇಬ್ಬರು ಎಂಟನೇ ಕ್ಲಾಸಿನ ಮಕ್ಕಳಿಗೆ ಗಣಿತ ಹೇಳಿಕೊಡಲು ಶುರು ಮಾಡಿದ್ದೆ. ಆ ರೊಕ್ಕದಲ್ಲಿ ಯುಪಿಐ ಮಾಡಿ ಕೊಂಡೆ. ಲ್ಯಾಪ್‌ಟಾಪ್ ಹೊತ್ತುಕೊಂಡು ಮತ್ತೆ ಹುಬ್ಬಳ್ಳಿಗೆ ಹೋಗಿ, ಗೆಳೆಯನ ಮನೆಯ ವೈಫೈನಲ್ಲಿ ರಾತ್ರಿಯಿಡೀ ಇಳಿಸಿಕೊಂಡೆ. ಗಡಿಯಾರ ನೋಡುತ್ತಾ ಒಂದೂವರೆ ತಾಸು ಆಡಿ, ಮಷೀನು ಬಿಸಿಯಾದರೂ ತಡೆಯುತ್ತದೆ ಅಂತ ಖಾತ್ರಿಯಾದ ಮೇಲೆ ರೀಫಂಡ್ ಯೋಚನೆ ಬಿಟ್ಟೆ.

ಈಗ 40 ತಾಸು ದಾಟಿದ್ದೇನೆ. ಕೊಳ್ಳಬೇಕೆನ್ನುವವರಿಗೆ ಕೆಲವು ಮಾತು ಹೇಳಬಹುದು. ಕತ್ತಿ ಕಾಳಗ ಅಂಥ ಸೊಗಸೇನಲ್ಲ, ಗೆರಾಲ್ಟ್ ಒಂದು ಹೆಜ್ಜೆ ಇಡಬೇಕಾದಲ್ಲಿ ಗಿರಕಿ ಹೊಡೆಯುತ್ತಾನೆ. ರೋಚ್ ಎಂಬ ಕುದುರೆ ಬೇಲಿ ಕಂಡರೆ ನಿಂತುಬಿಡುತ್ತದೆ. ಮ್ಯಾಪ್ ತುಂಬಾ ಪ್ರಶ್ನಾರ್ಥಕ ಚಿಹ್ನೆಗಳು. ಸ್ಕೆಲ್ಲಿಗೆ ಎಂಬ ದ್ವೀಪಗಳ ಸುತ್ತ ಸಮುದ್ರದಲ್ಲಿರುವ ಚಿಹ್ನೆಗಳ ಹಿಂದೆ ಹೋಗಲೇಬೇಡಿ, ದೋಣಿ ನಡೆಸುವುದರಲ್ಲೇ ಆಯುಷ್ಯ ಹೋಗುತ್ತದೆ. ಕನ್ನಡದಲ್ಲಿಲ್ಲ, ಇಂಗ್ಲಿಷ್ ಸಬ್‌ಟೈಟಲ್ ಓದುತ್ತಾ ಹೋಗಬೇಕು. ಇದು 18 ದಾಟಿದವರ ಆಟ, ಮನೆಯ ಪಡಸಾಲೆಯಲ್ಲಿ ಅಪ್ಪನ ಎದುರು ತೆರೆಯುವಂಥದ್ದಲ್ಲ.

ಇಷ್ಟೆಲ್ಲ ಇದ್ದರೂ ವೆಲೆನ್ ಎಂಬ ಯುದ್ಧದಿಂದ ಹಾಳಾದ ಸೀಮೆಯಲ್ಲಿ ಬ್ಯಾರನ್ ಎಂಬವನ ಕಥೆಯೊಂದು ಬರುತ್ತದೆ. ಹೆಂಡತಿ, ಮಗಳು ಕಾಣೆಯಾಗಿದ್ದಾರೆ, ಹುಡುಕಿಕೊಡು ಅಂತ ಅಳುತ್ತಾನೆ. ಕೆದಕಿದರೆ ಅವನು ಕುಡಿದು ಹೆಂಡತಿಯನ್ನು ಹೊಡೆಯುತ್ತಿದ್ದ ಅಂತ ಗೊತ್ತಾಗುತ್ತದೆ. ಕಥೆ ಇಲ್ಲಿಗೆ ಸಾಕು. ಅವನನ್ನು ದ್ವೇಷಿಸಿ ಮುಂದೆ ಹೋಗಲೂ ಆಗಲಿಲ್ಲ, ಕ್ಷಮಿಸಲೂ ಆಗಲಿಲ್ಲ. ಇಂಥವರನ್ನು ನಮ್ಮೂರಲ್ಲೂ ನೋಡಿದ್ದೇನೆ. ಕೊಟ್ಟ ರೊಕ್ಕ ಅಲ್ಲಿಗೇ ತೀರಿತು.

ಒಂದು ಸ್ವಾರಸ್ಯ. ಈ ಆಟಗಳ ಮೂಲ ಆಂಜೆ ಸಾಪ್ಕೊವ್‌ಸ್ಕಿ ಎಂಬ ಪೋಲಿಷ್ ಲೇಖಕರ ಕಥೆಗಳು. ಗೇಮ್ ಮಾಡುತ್ತೇವೆ, ಲಾಭದಲ್ಲಿ ಪಾಲು ಕೊಡುತ್ತೇವೆ ಅಂತ ಕಂಪನಿ ಕೇಳಿದಾಗ, ಲಾಭ ಬಂದಾಗ ತಾನೆ, ಈಗಲೇ ಒಟ್ಟಿಗೆ ಕೊಟ್ಟುಬಿಡಿ ಅಂತ ಅವರು ರೊಕ್ಕ ಇಸಿದುಕೊಂಡಿದ್ದರು. ಆಟ ಕೋಟಿಗಟ್ಟಲೆ ಮಾರಾಟವಾದ ಮೇಲೆ 2018ರಲ್ಲಿ ಹೆಚ್ಚಿನ ಹಣ ಕೇಳಿ ಕಂಪನಿಗೆ ನೋಟಿಸ್ ಕೊಟ್ಟರು; ಮರುವರ್ಷ ಹೊಸ ಒಪ್ಪಂದವಾಯಿತು. ಕಥೆ ಬರೆದವರಿಗೇ ಇದರ ಬೆಲೆ ಗೊತ್ತಾಗಿರಲಿಲ್ಲ ಎಂದ ಮೇಲೆ ನಾನು ಆರು ತಿಂಗಳು ತೆಗೆದುಕೊಂಡದ್ದು ದೊಡ್ಡದೇನಲ್ಲ.

ಸಂಕ್ರಾಂತಿಗೆ ಅಕ್ಕ ಊರಿಗೆ ಬಂದಿದ್ದಳು. ರಾತ್ರಿ ಎಳ್ಳು ಬೆಲ್ಲದ ಡಬ್ಬಿ ಹಿಡಿದು ನನ್ನ ಪಕ್ಕ ಕೂತಳು. “ಇದಾ ನಿನ್ನ ನೂರು ತಾಸಿನ ಆಟ?” ಹೌದು ಅಂದೆ. ಕಥೆ ಏನು ಅಂತ ಕೇಳಿದಳು. ಗೆರಾಲ್ಟ್ ಸಾಕಿ ಬೆಳೆಸಿದ ಹುಡುಗಿ, ಹೆಸರು ಸಿರಿ, ಅವಳ ಬೆನ್ನಿಗೆ ಕೆಟ್ಟವರು ಬಿದ್ದಿದ್ದಾರೆ, ಅವಳನ್ನು ಹುಡುಕುತ್ತಾ ಊರೂರು ಅಲೆಯುತ್ತಿದ್ದಾನೆ ಅಂತ ಹೇಳಿದೆ. ಸ್ಕ್ರೀನಿನಲ್ಲಿ ಗೆರಾಲ್ಟ್ ಒಂದು ಸಾರಾಯಿ ಅಂಗಡಿಯಲ್ಲಿ ಕೂತು ಗ್ವೆಂಟ್ ಆಡುತ್ತಿದ್ದ. ಅದು ಆಟದೊಳಗಿನ ಇಸ್ಪೀಟು ಇದ್ದ ಹಾಗೆ. ನನ್ನ 40 ತಾಸಿನಲ್ಲಿ ಎಂಟು ತಾಸಾದರೂ ಅದಕ್ಕೇ ಹೋಗಿದೆ.

ಅಕ್ಕ ಒಂದೈದು ನಿಮಿಷ ನೋಡಿದಳು.

“ಮಗಳು ಕಳದ್ಹೋಗ್ಯಾಳ ಅಂತಿ. ಇವ ಇಲ್ಲಿ ಕುಂತು ಎಲಿ ಆಡಾಕತ್ತಾನ?”

ನಾನು ಗೆರಾಲ್ಟ್‌ನನ್ನು ಎಬ್ಬಿಸಿ ಕುದುರೆ ಹತ್ತಿಸಿದೆ.