ಅಟ್ಟ ಸೇರಿದ ಗೇಮ್ ಡಬ್ಬಿಗೆ ಮರುಜೀವ
ಸರಕಾರಿ ಟಿವಿ, ಶಾಲಾ ಲ್ಯಾಪ್‌ಟಾಪ್ ಗುಜರಿಗೆ ಹಾಕೋ ಮುನ್ನ ಒಮ್ಮೆ ಯೋಚಿಸಿ

ಕಂಬಂ (ತೇನಿ ಜಿಲ್ಲೆ): ಸರಕಾರ ಕೊಟ್ಟ ಪುಟ್ಟ ಕಲರ್ ಟಿವಿ, ಮಕ್ಕಳ ಹಟಕ್ಕೆ ಕೊಂಡ ವಿಡಿಯೋ ಗೇಮ್ ಡಬ್ಬಿ, ಶಾಲೆಯಲ್ಲಿ ಸಿಕ್ಕ ಉಚಿತ ಲ್ಯಾಪ್‌ಟಾಪ್. ತೇನಿ, ಕಂಬಂ ಕಣಿವೆ, ದಿಂಡಿಗಲ್ ಭಾಗದ ಕನ್ನಡ ಮನೆಗಳ ಅಟ್ಟದಲ್ಲಿ ಈ ಮೂರರಲ್ಲಿ ಒಂದಾದರೂ ಇದ್ದರೆ ಅಚ್ಚರಿಯಿಲ್ಲ. ಕೆಟ್ಟಿದೆ ಅಂತ ಗುಜರಿಯವನಿಗೆ (ಬೆಳಗಾವಿ ಕಡೆಯವರ ಮಾತಲ್ಲಿ ಭಂಗಾರದವನಿಗೆ) ತೂಕಕ್ಕೆ ಕೊಟ್ಟು ಕೈ ತೊಳೆದುಕೊಳ್ಳುವವರೇ ಜಾಸ್ತಿ. ಆದರೆ ಇಂಥ ಹಳೇ ಯಂತ್ರಗಳನ್ನು ಬಿಚ್ಚಿ, ಒರೆಸಿ, ಮತ್ತೆ ಓಡುವಂತೆ ಮಾಡುವುದೇ ಇಂದು ದೇಶ ವಿದೇಶಗಳಲ್ಲಿ ದೊಡ್ಡ ಹವ್ಯಾಸ.

ಬಂದೂಕಿಗೆ ಬೇಕು ಹಳೇ ಟಿವಿ

ತಮಿಳುನಾಡಿನಲ್ಲಿ ಉಚಿತ ಕಲರ್ ಟಿವಿ ಯೋಜನೆ ಶುರುವಾಗಿದ್ದು 2006ರ ಸೆಪ್ಟೆಂಬರ್ 15ರಂದು. 2011ರಲ್ಲಿ ಸರಕಾರ ಬದಲಾಗುವ ತನಕ ಒಂದೂವರೆ ಕೋಟಿಗೂ ಹೆಚ್ಚು ಟಿವಿ ಹಂಚಲಾಯಿತು. ಎಲ್ಲವೂ 14 ಇಂಚಿನ, ಹಿಂದೆ ಡುಬ್ಬ ಇರುವ ಪಿಕ್ಚರ್ ಟ್ಯೂಬ್ ಟಿವಿ. ಗೋಡೆಗೆ ತೂಗುವ ಎಲ್‌ಸಿಡಿ ಬಂದ ಮೇಲೆ ಇವು ಮೂಲೆ ಸೇರಿದವು.

ಹಳೇ ಗೇಮ್ ಪ್ರಿಯರಿಗೆ ಮಾತ್ರ ಇಂಥ ಟಿವಿಯೇ ಬೇಕು. ಕಾರಣ, ಬಾತುಕೋಳಿ ಹೊಡೆಯುವ ಆಟದ ಬಂದೂಕು. ಕುದುರೆ ಒತ್ತಿದ ಕ್ಷಣ ಪರದೆ ಪೂರ್ತಿ ಕಪ್ಪಾಗಿ, ಮರುಕ್ಷಣ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ಮಿಂಚುತ್ತದೆ. ಬಂದೂಕಿನ ನಳಿಗೆಯೊಳಗಿನ ಬೆಳಕಿನ ಸಂವೇದಕ ಆ ಬಿಳುಪನ್ನು ಕಂಡರೆ ಗುರಿ ಸರಿ ಅಂತ ಲೆಕ್ಕ. ಪಿಕ್ಚರ್ ಟ್ಯೂಬ್ ತಡವಿಲ್ಲದೆ ಗೆರೆ ಗೆರೆಯಾಗಿ ಚಿತ್ರ ಬರೆಯುವುದರಿಂದ ಈ ಲೆಕ್ಕ ಕೂಡಿ ಬರುತ್ತದೆ. ಎಲ್‌ಸಿಡಿಯಲ್ಲಿ ಚಿತ್ರ ಕೊಂಚ ತಡವಾಗಿ ಮೂಡುತ್ತದೆ, ಹೊಳೆಯುವ ರೀತಿಯೂ ಬೇರೆ. ಎಷ್ಟು ಗುಂಡು ಹಾರಿಸಿದರೂ ಒಂದು ಹಕ್ಕಿಯೂ ಬೀಳುವುದಿಲ್ಲ. ಬಂದೂಕು ಕೆಟ್ಟಿದೆ ಅಂತ ಎಸೆದವರು ಎಷ್ಟು ಮಂದಿಯೋ!

ಜಪಾನಿನಿಂದ ಬಂದ ನಕಲು

ಈ ಆಟಗಳ ಮೂಲ ಜಪಾನಿನ ನಿಂಟೆಂಡೋ ಕಂಪನಿ 1983ರ ಜುಲೈನಲ್ಲಿ ಬಿಡುಗಡೆ ಮಾಡಿದ ಫ್ಯಾಮಿಕಾಮ್. 1990ರ ದಶಕದಲ್ಲಿ ಭಾರತದ ಪೇಟೆಯಲ್ಲಿ ಸಮುರಾಯ್, ಲಿಟಲ್ ಮಾಸ್ಟರ್ ಹೆಸರಿನ ಡಬ್ಬಿಗಳು ಬಂದವು. ಆಮೇಲೆ ಹೆಸರೇ ಇಲ್ಲದ ಅಗ್ಗದ ಚೀನೀ ನಕಲುಗಳ ಸುರಿಮಳೆ. ಇವುಗಳೊಳಗೆ ಕರಿ ಅರಗಿನ ಬೊಟ್ಟಿನಂಥ ಒಂದೇ ಚಿಪ್‌ನಲ್ಲಿ ಇಡೀ ಯಂತ್ರ ಅಡಗಿರುತ್ತದೆ. ಅದು ಸುಟ್ಟರೆ ಕಥೆ ಮುಗಿದಂತೆ. ಆದರೆ ಬಹಳ ಸಲ ಕೆಟ್ಟಿರೋದು ಅದಲ್ಲ, ಸುತ್ತಮುತ್ತಲ ಚಿಲ್ಲರೆ ಭಾಗಗಳು.

ಮೊದಲು ನೋಡಬೇಕಾದದ್ದು ಅಡಾಪ್ಟರ್. ವೋಲ್ಟೇಜ್ ಎಷ್ಟು, ಪಿನ್ನಿನ ನಡುವೆ ಪ್ಲಸ್ಸೋ ಮೈನಸ್ಸೋ ಅಂತ ಡಬ್ಬಿಯ ಮೇಲೆ ಬರೆದದ್ದಕ್ಕೆ ತಾಳೆ ಹಾಕಬೇಕು. ಎರಡನೆಯದು ಕ್ಯಾಸೆಟ್. ಅದರ ಹಿತ್ತಾಳೆ ಬಣ್ಣದ ಕಾಲುಗಳಿಗೆ ಬಾಯಿಂದ ಊದುವುದು ಎಲ್ಲರ ಅಭ್ಯಾಸ. ಆದರೆ ಉಸಿರಿನ ತೇವದಿಂದ ಕಿಲುಬು ಹೆಚ್ಚುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಒರೆಸಿ, ಒಣಗಿಸಿ ಹಾಕಿದರೆ ಅರ್ಧ ಕಾಯಿಲೆ ವಾಸಿ. ಬಟನ್ ಕೆಲಸ ಮಾಡದಿದ್ದರೆ ರಿಮೋಟ್ ಬಿಚ್ಚಿ, ರಬ್ಬರಿನ ಕೆಳಗಿನ ಕರಿ ಬಿಲ್ಲೆ ಒರೆಸಬೇಕು. ತಲೆ ಉಬ್ಬಿದ ಕೆಪಾಸಿಟರ್ ಕಂಡರೆ ಅಷ್ಟೇ ವೋಲ್ಟ್, ಅಷ್ಟೇ ಮೈಕ್ರೋಫ್ಯಾರಡ್‌ನದ್ದು ಬೆಸುಗೆ ಹಾಕಬೇಕು. ಬಿಡಿಭಾಗ ಊರಲ್ಲಿ ಸಿಗದಿದ್ದರೆ ಚೆನ್ನೈನ ರಿಚಿ ಸ್ಟ್ರೀಟ್, ಬೆಂಗಳೂರಿನ ಎಸ್.ಪಿ. ರಸ್ತೆ ಇದ್ದೇ ಇವೆ.

ಲ್ಯಾಪ್‌ಟಾಪ್‌ನಲ್ಲಿ ಕನ್ನಡ

ಉಚಿತ ಲ್ಯಾಪ್‌ಟಾಪ್ ಯೋಜನೆ ಆರಂಭವಾದದ್ದು 2011ರ ಸೆಪ್ಟೆಂಬರ್ 15ರಂದು. ಮೊದಲ ಕಂತಿನವುಗಳಲ್ಲಿ ವಿಂಡೋಸ್ 7 ಜತೆಗೆ ಸಿಡ್ಯಾಕ್ ಸಂಸ್ಥೆಯ 'ಬಾಸ್' ಲಿನಕ್ಸ್ ಕೂಡ ಇತ್ತು. ವಿಂಡೋಸ್ 7ಕ್ಕೆ ಕಂಪನಿಯ ಬೆಂಬಲ 2020ರ ಜನವರಿ 14ಕ್ಕೆ ನಿಂತಿತು. ಹಾಗಂತ ಯಂತ್ರ ಸತ್ತಿಲ್ಲ. ಹಳೇ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಕೂರಿಸಿ, ಹಗುರವಾದ ಲಿನಕ್ಸ್ ಹಾಕಿದರೆ ಓದು ಬರಹಕ್ಕೆ ಧಾರಾಳ ಸಾಕು. ತೆಗೆದ ಡಿಸ್ಕಿನಲ್ಲಿ ಹಳೇ ಫೋಟೋ ಇದ್ದರೆ ಮೊದಲು ನಕಲು ಮಾಡಿಕೊಳ್ಳಿ.

ಗಡಿಯಾಚೆಯ ಮನೆಗಳಿಗೆ ಇದರಲ್ಲಿ ಇನ್ನೊಂದು ಲಾಭ ಇದೆ. ಈ ಭಾಗದಲ್ಲಿ ತಲೆಮಾರುಗಳಿಂದ ನೆಲೆಸಿದ ಕಪ್ಪಿಲಿಯರ ಮನೆಮಾತು ಕನ್ನಡ. ಆದರೆ ಶಾಲೆ, ಅಂಗಡಿ, ಬಸ್ಸಿನ ಬೋರ್ಡು ಎಲ್ಲ ತಮಿಳು. ಮಾತು ಉಳಿದರೂ ಅಕ್ಷರ ಕೈಗೆ ಸಿಗದ ಮಕ್ಕಳಿದ್ದಾರೆ. ಲಿನಕ್ಸ್‌ನ ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡದ 'ಕಗಪ' ವಿನ್ಯಾಸ ಖರ್ಚಿಲ್ಲದೆ ಸಿಗತ್ತೆ. ಕೆ.ಪಿ. ರಾವ್ ಅವರ ವಿನ್ಯಾಸದ ಜಾಡಿನಲ್ಲಿ ಬಂದ ಇದರಲ್ಲಿ 'ಕೆ' ಒತ್ತಿದರೆ 'ಕ' ಬರುತ್ತದೆ. ಇಂಗ್ಲಿಷ್ ಕೀಲಿ ಗೊತ್ತಿರುವ ಮಗು ತನ್ನ ಹೆಸರನ್ನು ಕನ್ನಡದಲ್ಲಿ ಬೇಗನೇ ಬರೆಯಬಲ್ಲದು. ಅಜ್ಜಿ ಹೇಳುವ ಗಾದೆ, ಒಗಟುಗಳನ್ನು ಮೊಮ್ಮಕ್ಕಳಿಂದಲೇ ಟೈಪ್ ಮಾಡಿಸಿ ಇಡಬಹುದು.

ಎಚ್ಚರ ಇರಲಿ

ಪಿಕ್ಚರ್ ಟ್ಯೂಬ್ ಟಿವಿಯ ಹಿಂಬದಿಯನ್ನು ಮಾತ್ರ ಮನೆಯಲ್ಲಿ ಯಾರೂ ಬಿಚ್ಚಕೂಡದು. ಒಳಗೆ ಇಪ್ಪತ್ತು ಸಾವಿರ ವೋಲ್ಟಿನಷ್ಟು ವಿದ್ಯುತ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಟ್ಯೂಬಿನಲ್ಲಿ ಉಳಿದಿರಬಹುದು. ಆ ಕೆಲಸ ಟಿವಿ ಮೆಕ್ಯಾನಿಕ್‌ಗೇ ಬಿಡಿ. ಉಬ್ಬಿದ ಲ್ಯಾಪ್‌ಟಾಪ್ ಬ್ಯಾಟರಿಯನ್ನು ಚುಚ್ಚಬೇಡಿ, ಒತ್ತಬೇಡಿ. ಬೆಂಕಿ ಹತ್ತೀತು.

ರಿಪೇರಿಗೆ ಬಾರದ ಟಿವಿಯನ್ನು ಒಡೆದು ತಿಪ್ಪೆಗೆ ಹಾಕುವುದೂ ತಪ್ಪು. ಟ್ಯೂಬಿನ ಗಾಜಿನಲ್ಲಿ ಸೀಸ ಇರುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಹೊಸ ಇ-ತ್ಯಾಜ್ಯ ನಿಯಮದ ಪ್ರಕಾರ ಇದು ನೋಂದಾಯಿತ ಮರುಬಳಕೆ ಘಟಕಕ್ಕೇ ಸೇರಬೇಕು.

ಶಾಲೆಗೆ ರಜೆ ಇದ್ದಾಗ ಮಕ್ಕಳ ಕೈಗೆ ಸ್ಕ್ರೂಡ್ರೈವರ್ ಕೊಟ್ಟು, ದೊಡ್ಡವರು ಪಕ್ಕದಲ್ಲಿ ಕೂತು, ಮೊದಲು ಗೇಮ್ ರಿಮೋಟ್‌ನಿಂದ ಶುರು ಮಾಡಬಹುದು. ಕೆಟ್ಟರೂ ಹೆಚ್ಚೇನೂ ಹೋಗುವುದಿಲ್ಲ, ಸರಿಹೋದರೆ ಕಲಿತ ವಿದ್ಯೆ ಮಕ್ಕಳದ್ದೇ.